ಲಿಕ್ವಿಡ್ ಗ್ಲಾಸ್ ವಿನ್ಯಾಸ ವ್ಯವಸ್ಥೆಯ ಅಳವಡಿಕೆ

ಲಿಕ್ವಿಡ್ ಗ್ಲಾಸ್ ಎಂಬುದು ಅಮೆರಿಕದ ಆ್ಯಪಲ್ ಸಂಸ್ಥೆಯು ತನ್ನ ಸಾಧನಗಳ ಕಾರ್ಯಾಚರಣಾ ವ್ಯವಸ್ಥೆಗಳಿಗಾಗಿ ರೂಪಿಸಿದ ಬಳಕೆದಾರ ಇಂಟರ್‌ಫೇಸ್ ವಿನ್ಯಾಸ ವ್ಯವಸ್ಥೆಯಾಗಿದೆ. ಇದನ್ನು 2025ರ ಜೂನ್ 9ರಂದು ಸಂಸ್ಥೆಯ ವಾರ್ಷಿಕ ಡೆವಲಪರ್ ಸಮ್ಮೇಳನದಲ್ಲಿ ಪ್ರಕಟಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ಐಓಎಸ್ 26, ಐಪ್ಯಾಡ್‌ಓಎಸ್ 26, ಮ್ಯಾಕ್‌ಓಎಸ್ ತಾಹೋ 26 ಮೊದಲಾದ ಆವೃತ್ತಿಗಳ ಮೂಲಕ ಇದು ಸಾರ್ವಜನಿಕರ ಬಳಕೆಗೆ ಬಂದಿತು. ಕಾರ್ಯಾಚರಣಾ ವ್ಯವಸ್ಥೆಯ ರೂಪವನ್ನು ಅದರ ತಯಾರಕರು ಒಂದೇ ದಿನದಲ್ಲಿ ಬದಲಿಸಬಹುದಾದರೂ, ಅದರ ಮೇಲೆ ನಡೆಯುವ ಲಕ್ಷಾಂತರ ಆ್ಯಪ್‌ಗಳ ರೂಪವು ಅವುಗಳ ಡೆವಲಪರ್‌ಗಳ ನಿರ್ಧಾರ ಹಾಗೂ ದುಡಿಮೆಯನ್ನು ಅವಲಂಬಿಸಿರುತ್ತದೆ. ಹೀಗಾಗಿ ಹೊಸ ವಿನ್ಯಾಸ ವ್ಯವಸ್ಥೆಯೊಂದು ಎಷ್ಟರಮಟ್ಟಿಗೆ ಅಳವಡಿಕೆಯಾಗುತ್ತದೆ ಎಂಬುದು ಅದರ ಅಂದಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳಿಂದ ನಿರ್ಧಾರವಾಗುತ್ತದೆ: ಬದಲಾವಣೆಯ ವೆಚ್ಚವನ್ನು ಯಾರು ಹೊರುತ್ತಾರೆ, ಹಳೆಯ ಸಾಧನಗಳ ಬಳಕೆದಾರರಿಗೆ ಏನಾಗುತ್ತದೆ, ಮತ್ತು ಅಳವಡಿಕೆಯನ್ನು ನಿರಾಕರಿಸಲು ಡೆವಲಪರ್‌ಗಳಿಗೆ ಅವಕಾಶವಿದೆಯೇ ಎಂಬುದು.

ಹಿನ್ನೆಲೆ

ವಿನ್ಯಾಸ ವ್ಯವಸ್ಥೆ ಎಂದರೆ ತಂತ್ರಾಂಶವೊಂದರ ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಮೆನು, ಅಕ್ಷರಶೈಲಿ, ಬಣ್ಣ, ಚಲನೆ ಮುಂತಾದವುಗಳನ್ನು ಕುರಿತ ನಿಯಮಗಳು ಮತ್ತು ಆ ನಿಯಮಗಳಿಗೆ ಅನುಗುಣವಾಗಿ ಮೊದಲೇ ಬರೆದಿಟ್ಟ ಕೋಡ್ ಘಟಕಗಳ ಒಟ್ಟು ಸಂಗ್ರಹ. ನಿಯಮಗಳಷ್ಟೇ ಇದ್ದು ಘಟಕಗಳಿಲ್ಲದಿದ್ದರೆ ಪ್ರತಿಯೊಬ್ಬ ಡೆವಲಪರ್ ಕೂಡ ಅವನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ. ಘಟಕಗಳಿದ್ದು ನಿಯಮಗಳಿಲ್ಲದಿದ್ದರೆ ಒಂದೇ ಗುಂಡಿಯನ್ನು ಒಬ್ಬೊಬ್ಬರು ಒಂದೊಂದು ಉದ್ದೇಶಕ್ಕೆ ಬಳಸುತ್ತಾರೆ.

2013ಕ್ಕೆ ಮೊದಲು ಐಫೋನಿನ ಆ್ಯಪ್‌ಗಳು ಚರ್ಮ, ಮರ, ಗೆರೆಹಾಕಿದ ಹಳದಿ ಕಾಗದ ಇತ್ಯಾದಿ ನೈಜ ವಸ್ತುಗಳ ಅನುಕರಣೆಯಿಂದ ಕೂಡಿದ್ದವು. 2013ರ ಐಓಎಸ್ 7 ಆವೃತ್ತಿಯು ಈ ಶೈಲಿಯನ್ನು ಕೈಬಿಟ್ಟು ಸಪಾಟಾದ ವಿನ್ಯಾಸವನ್ನು ತಂದಿತು. ಅದರ ಮರುವರ್ಷ, ಅಂದರೆ 2014ರ ಜೂನ್ 25ರಂದು, ಗೂಗಲ್ ಸಂಸ್ಥೆಯು ಆಂಡ್ರಾಯ್ಡ್‌ಗಾಗಿ ಮೆಟೀರಿಯಲ್ ಡಿಸೈನ್ ಅನ್ನು ಪ್ರಕಟಿಸಿತು. ಮೈಕ್ರೋಸಾಫ್ಟ್ 2017ರಲ್ಲಿ ಫ್ಲೂಯೆಂಟ್ ಡಿಸೈನ್ ಸಿಸ್ಟಮ್ ಅನ್ನು ಹೊರತಂದಿತು. ಲಿಕ್ವಿಡ್ ಗ್ಲಾಸ್ ಈ ಸರಣಿಯಲ್ಲಿ ಇತ್ತೀಚಿನದಾಗಿದ್ದು, ಆ್ಯಪಲ್‌ನ ದೂರವಾಣಿ, ಗಣಕಯಂತ್ರ, ಕೈಗಡಿಯಾರ ಮತ್ತು ದೂರದರ್ಶನ ಸಾಧನಗಳಿಗೆ ಒಂದೇ ಕಾಲಕ್ಕೆ ಒಂದೇ ವಿನ್ಯಾಸವನ್ನು ತಂದ ಮೊದಲ ಪ್ರಯತ್ನವಾಗಿದೆ.

ವಿನ್ಯಾಸದ ಸ್ವರೂಪ

ಸಂಸ್ಥೆಯ ತಲೆಗೆ ಧರಿಸುವ ಸಾಧನಕ್ಕಾಗಿ ರೂಪಿಸಿದ ವಿಷನ್‌ಓಎಸ್ ವ್ಯವಸ್ಥೆಯು ಲಿಕ್ವಿಡ್ ಗ್ಲಾಸ್‌ಗೆ ಪ್ರೇರಣೆಯಾಗಿದೆ. ಟೂಲ್‌ಬಾರ್, ಟ್ಯಾಬ್ ಪಟ್ಟಿ, ಪಾರ್ಶ್ವಪಟ್ಟಿ ಮುಂತಾದ ನಿಯಂತ್ರಣಗಳು ಗಾಜಿನ ತುಣುಕಿನಂತೆ ಕಾಣುತ್ತವೆ. ಹಿಂದಿರುವ ಚಿತ್ರ ಹಾಗೂ ಬರಹಗಳು ಅವುಗಳ ಮೂಲಕ ಬಾಗಿ, ಮಸುಕಾಗಿ ತೋರುತ್ತವೆ. ಈ ಗಾಜಿನ ಪದರವನ್ನು ನಿಯಂತ್ರಣಗಳಿಗೆ ಮಾತ್ರ ಮೀಸಲಿಡಬೇಕು, ಓದಬೇಕಾದ ವಿಷಯಕ್ಕೆ ಬಳಸಬಾರದು, ಒಂದು ಗಾಜಿನ ಮೇಲೆ ಇನ್ನೊಂದು ಗಾಜನ್ನು ಇಡಬಾರದು ಎಂದು ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆ್ಯಪ್‌ಗಳ ಚಿಹ್ನೆಗಳನ್ನು ಸಹ ಹಲವು ಪದರಗಳಲ್ಲಿ ಮರುರಚಿಸಬೇಕಾಗಿದ್ದು, ಅದಕ್ಕಾಗಿ ಐಕಾನ್ ಕಂಪೋಸರ್ ಎಂಬ ಪ್ರತ್ಯೇಕ ಉಪಕರಣವನ್ನು ನೀಡಲಾಗಿದೆ.

ಅಳವಡಿಕೆಯ ದಾರಿಗಳು

ಡೆವಲಪರ್‌ಗಳು ತಮ್ಮ ಆ್ಯಪನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಅವರ ಕೆಲಸದ ಹೊರೆ ಬದಲಾಗುತ್ತದೆ. ಇದನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಸಿದ್ಧ ಘಟಕಗಳನ್ನು ಬಳಸಿದ ಆ್ಯಪ್‌ಗಳು: ಸ್ವಿಫ್ಟ್‌ಯುಐ, ಯುಐಕಿಟ್ ಅಥವಾ ಆ್ಯಪ್‌ಕಿಟ್ ಚೌಕಟ್ಟುಗಳಲ್ಲಿರುವ ಘಟಕಗಳನ್ನು ಇದ್ದಂತೆಯೇ ಬಳಸಿದ್ದರೆ, ಎಕ್ಸ್‌ಕೋಡ್ 26ರಲ್ಲಿ ಆ್ಯಪನ್ನು ಮತ್ತೊಮ್ಮೆ ಕಂಪೈಲ್ ಮಾಡಿದೊಡನೆ ಹೊಸ ರೂಪದ ಬಹುಭಾಗ ತಾನಾಗಿಯೇ ದೊರೆಯುತ್ತದೆ. ಒಬ್ಬರೋ ಇಬ್ಬರೋ ಸೇರಿ ನಡೆಸುವ ಸಣ್ಣ ಆ್ಯಪ್‌ಗಳಲ್ಲಿ ಅನೇಕವು ಈ ವರ್ಗಕ್ಕೆ ಸೇರುವುದರಿಂದ, ಬಿಡುಗಡೆಯ ದಿನದಂದೇ ಹೊಸ ವಿನ್ಯಾಸದೊಂದಿಗೆ ಕಾಣಿಸಿಕೊಳ್ಳಲು ಅವುಗಳಿಗೆ ಸಾಧ್ಯವಾಯಿತು.

ಸ್ವಂತ ಘಟಕಗಳನ್ನು ಹೊಂದಿದ ಆ್ಯಪ್‌ಗಳು: ದೊಡ್ಡ ಬ್ಯಾಂಕು, ಮಾರಾಟ ಜಾಲ ಹಾಗೂ ಸಾಮಾಜಿಕ ಜಾಲತಾಣಗಳ ಆ್ಯಪ್‌ಗಳು ಸಾಮಾನ್ಯವಾಗಿ ತಮ್ಮದೇ ಬಣ್ಣ, ಗುಂಡಿ ಮತ್ತು ಅಕ್ಷರಶೈಲಿಗಳನ್ನು ಒಳಗೊಂಡ ಸ್ವಂತ ವಿನ್ಯಾಸ ವ್ಯವಸ್ಥೆಯನ್ನು ಹೊಂದಿರುತ್ತವೆ. ಐಫೋನ್, ಆಂಡ್ರಾಯ್ಡ್ ಹಾಗೂ ಜಾಲತಾಣ ಮೂರರಲ್ಲಿಯೂ ತಮ್ಮ ಗುರುತು ಒಂದೇ ಆಗಿರಬೇಕೆಂಬುದು ಇವುಗಳ ಆದ್ಯತೆ. ಇಂತಹ ಆ್ಯಪ್‌ಗಳಿಗೆ ಮರುಕಂಪೈಲ್ ಮಾಡುವುದರಿಂದ ದೊರೆಯುವುದು ಅಲ್ಪ. ಕೆಲವೊಮ್ಮೆ ಅರ್ಧ ಹೊಸದು, ಅರ್ಧ ಹಳೆಯದು ಎಂಬಂತಹ ಬೆರಕೆ ರೂಪವೂ ಉಂಟಾಗುತ್ತದೆ. ಹೊಸ ಗಾಜಿನ ಘಟಕಗಳು ಐಓಎಸ್ 26 ಮತ್ತು ಅನಂತರದ ಆವೃತ್ತಿಗಳಲ್ಲಿ ಮಾತ್ರ ಲಭ್ಯವಿರುವುದರಿಂದ, ಐಓಎಸ್ 18 ಅಥವಾ ಅದಕ್ಕೂ ಹಿಂದಿನ ಆವೃತ್ತಿಯ ಬಳಕೆದಾರರನ್ನು ಉಳಿಸಿಕೊಳ್ಳಬೇಕಾದ ತಂಡವು ಎರಡು ರೂಪಗಳನ್ನು ಏಕಕಾಲದಲ್ಲಿ ನಿರ್ವಹಿಸಬೇಕಾಗುತ್ತದೆ. ಪ್ರತಿ ಪರದೆಯನ್ನೂ ಎರಡೆರಡು ಬಾರಿ ಪರೀಕ್ಷಿಸುವ ಕೆಲಸ ಇದರಿಂದ ಹುಟ್ಟುತ್ತದೆ.

ಬಹುವೇದಿಕೆ ಚೌಕಟ್ಟುಗಳಲ್ಲಿ ಕಟ್ಟಿದ ಆ್ಯಪ್‌ಗಳು: ಒಂದೇ ಕೋಡ್‌ನಿಂದ ಹಲವು ವೇದಿಕೆಗಳಿಗೆ ಆ್ಯಪ್ ರಚಿಸುವ ಚೌಕಟ್ಟುಗಳಲ್ಲಿ ಪರಿಣಾಮವು ಒಂದೇ ತೆರನಾಗಿಲ್ಲ. ರಿಯಾಕ್ಟ್ ನೇಟಿವ್ ಚೌಕಟ್ಟು ವ್ಯವಸ್ಥೆಯದೇ ಮೂಲ ಘಟಕಗಳನ್ನು ಬಳಸುವುದರಿಂದ ಅಂತಹ ಘಟಕಗಳಿಗೆ ಹೊಸ ರೂಪ ಬಹುಮಟ್ಟಿಗೆ ಸಹಜವಾಗಿ ಬಂದಿತು. ಅದರ ಜೊತೆಗೆ ಬಳಸಲಾಗುವ ಎಕ್ಸ್‌ಪೋ ಉಪಕರಣದ 54ನೇ ಆವೃತ್ತಿಯು 2025ರ ಸೆಪ್ಟೆಂಬರ್‌ನಲ್ಲಿಯೇ ಗಾಜಿನ ಪರಿಣಾಮಕ್ಕೆ ಬೆಂಬಲ ನೀಡಿತು. ಗೂಗಲ್‌ನ ಫ್ಲಟರ್ ಚೌಕಟ್ಟು ಪರದೆಯ ಪ್ರತಿಯೊಂದು ಬಿಂದುವನ್ನೂ ತಾನೇ ಚಿತ್ರಿಸುತ್ತದೆ. ಅದರಲ್ಲಿ ಐಫೋನ್ ಶೈಲಿಯ ಘಟಕಗಳು ಅನುಕರಣೆಗಳಾಗಿರುವುದರಿಂದ ಆ್ಯಪಲ್ ಮಾಡಿದ ಬದಲಾವಣೆ ಅವುಗಳನ್ನು ತಲುಪಲಿಲ್ಲ. ಹೊಸ ವಿನ್ಯಾಸದ ಅಂಶಗಳನ್ನು ಸದ್ಯಕ್ಕೆ ಅಭಿವೃದ್ಧಿಪಡಿಸುತ್ತಿಲ್ಲ, ಹೊರಗಿನವರ ಕೊಡುಗೆಯನ್ನೂ ಸ್ವೀಕರಿಸುವುದಿಲ್ಲ ಎಂದು ಫ್ಲಟರ್ ತಂಡ 2025ರಲ್ಲಿ ತಿಳಿಸಿತು. ವಿನ್ಯಾಸ ಘಟಕಗಳನ್ನು ಮೂಲ ಚೌಕಟ್ಟಿನಿಂದ ಬೇರ್ಪಡಿಸುವ ಕೆಲಸಕ್ಕೆ ಅದು ಆದ್ಯತೆ ನೀಡಿತು.

ಮ್ಯಾಕ್ ಗಣಕಯಂತ್ರಗಳಲ್ಲಿ ಇನ್ನೊಂದು ಬಗೆಯ ತೊಡಕು ಕಂಡುಬಂದಿತು. ಸ್ಲ್ಯಾಕ್, ಡಿಸ್ಕಾರ್ಡ್, ವಿಶುವಲ್ ಸ್ಟುಡಿಯೋ ಕೋಡ್ ಮುಂತಾದ ತಂತ್ರಾಂಶಗಳಿಗೆ ಆಧಾರವಾದ ಎಲೆಕ್ಟ್ರಾನ್ ಚೌಕಟ್ಟು, ಕಿಟಕಿಯ ಅಂಚುಗಳನ್ನು ದುಂಡಾಗಿಸಲು ಆ್ಯಪಲ್‌ನ ಸಾರ್ವಜನಿಕವಲ್ಲದ ಆಂತರಿಕ ಸೌಲಭ್ಯವೊಂದನ್ನು ಬಳಸುತ್ತಿತ್ತು. ಮ್ಯಾಕ್‌ಓಎಸ್ 26ರಲ್ಲಿ ಇದರಿಂದ ಗ್ರಾಫಿಕ್ಸ್ ಸಂಸ್ಕಾರಕದ ಮೇಲೆ ಹೊರೆ ಹೆಚ್ಚಿ ಇಡೀ ಗಣಕಯಂತ್ರವೇ ನಿಧಾನವಾಗುತ್ತಿತ್ತು. ಎಲೆಕ್ಟ್ರಾನ್ ತಂಡವು ಪರಿಹಾರವನ್ನು ಬೇಗನೆ ಬಿಡುಗಡೆ ಮಾಡಿತಾದರೂ, ಅದನ್ನು ಪ್ರತಿಯೊಂದು ತಂತ್ರಾಂಶದ ತಯಾರಕರೂ ಪ್ರತ್ಯೇಕವಾಗಿ ಸೇರಿಸಿ ಮರುಬಿಡುಗಡೆ ಮಾಡುವವರೆಗೆ ಬಳಕೆದಾರರು ಕಾಯಬೇಕಾಯಿತು. ಹೊಸ ವಿನ್ಯಾಸವನ್ನು ಅಳವಡಿಸಿಕೊಳ್ಳದೆ ಸುಮ್ಮನಿದ್ದ ತಂತ್ರಾಂಶವೂ ಅದರ ಪರಿಣಾಮದಿಂದ ಹೊರಗುಳಿಯಲಾರದು ಎಂಬುದಕ್ಕೆ ಇದೊಂದು ನಿದರ್ಶನವಾಗಿದೆ.

ವಿನಾಯಿತಿ ಮತ್ತು ಗಡುವು

ಎಕ್ಸ್‌ಕೋಡ್ 26ರಲ್ಲಿ ಕಂಪೈಲ್ ಮಾಡಿದರೂ ಹಳೆಯ ರೂಪವನ್ನೇ ಉಳಿಸಿಕೊಳ್ಳಲು ಅನುವಾಗುವಂತೆ ಆ್ಯಪ್‌ನ ಮಾಹಿತಿ ಕಡತದಲ್ಲಿ ಸೇರಿಸಬಹುದಾದ ಸೂಚನೆಯೊಂದನ್ನು ಆ್ಯಪಲ್ ಒದಗಿಸಿತು. ಮುಂದಿನ ಪ್ರಮುಖ ಆವೃತ್ತಿಯಲ್ಲಿ ಈ ವಿನಾಯಿತಿಯನ್ನು ತೆಗೆದುಹಾಕುವ ಉದ್ದೇಶವಿದೆ ಎಂದು ಸಂಸ್ಥೆ ಆರಂಭದಲ್ಲಿಯೇ ಹೇಳಿತ್ತು. ಜೊತೆಗೆ, 2026ರ ಏಪ್ರಿಲ್ 28ರಿಂದ ಆ್ಯಪ್ ಸ್ಟೋರ್‌ಗೆ ಸಲ್ಲಿಸುವ ಐಫೋನ್ ಆ್ಯಪ್‌ಗಳನ್ನು ಐಓಎಸ್ 26 ಅಥವಾ ಅನಂತರದ ತಂತ್ರಾಂಶ ಅಭಿವೃದ್ಧಿ ಕಿಟ್‌ನಿಂದಲೇ ಕಟ್ಟಿರಬೇಕು ಎಂಬ ನಿಯಮವನ್ನು ಅದು ಪ್ರಕಟಿಸಿತು.

ಈ ಎರಡು ಕ್ರಮಗಳನ್ನು ಒಟ್ಟಿಗೆ ನೋಡಿದಾಗ ಅಳವಡಿಕೆಯ ತರ್ಕ ಸ್ಪಷ್ಟವಾಗುತ್ತದೆ. ಈಗಾಗಲೇ ಅಂಗಡಿಯಲ್ಲಿರುವ ಆ್ಯಪನ್ನು ಬದಲಿಸಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಆದರೆ ಒಂದು ಸಣ್ಣ ದೋಷವನ್ನು ಸರಿಪಡಿಸಿ ಮರುಸಲ್ಲಿಸಬೇಕೆಂದರೂ ಹೊಸ ಕಿಟ್ ಬಳಸಬೇಕು. ಹೊಸ ಕಿಟ್ ಬಳಸಿದರೆ ಹೊಸ ರೂಪ ಬರುತ್ತದೆ. ಅದನ್ನು ತಡೆಯುವ ಸೂಚನೆಗೆ ಆಯುಸ್ಸು ಕಡಿಮೆ. ನಿರ್ವಹಣೆಯಲ್ಲಿರುವ ಯಾವುದೇ ಆ್ಯಪ್‌ಗೆ ಅಳವಡಿಕೆಯು ಹೀಗೆ ಕೇವಲ ಸಮಯದ ಪ್ರಶ್ನೆಯಾಗುತ್ತದೆ.

ಇತರ ವಿನ್ಯಾಸ ವ್ಯವಸ್ಥೆಗಳೊಂದಿಗೆ ಹೋಲಿಕೆ

ಐಓಎಸ್ 7: 2013ರ ಸೆಪ್ಟೆಂಬರ್ 18ರಂದು ಬಿಡುಗಡೆಯಾದ ಈ ಆವೃತ್ತಿಯ ವಿಷಯದಲ್ಲಿಯೂ ಆ್ಯಪಲ್ ಇದೇ ಮಾರ್ಗವನ್ನು ಅನುಸರಿಸಿತ್ತು. 2014ರ ಫೆಬ್ರುವರಿ 1ರಿಂದ ಸಲ್ಲಿಸುವ ಆ್ಯಪ್‌ಗಳು ಎಕ್ಸ್‌ಕೋಡ್ 5ರಲ್ಲಿ ಕಟ್ಟಿದವಾಗಿರಬೇಕು ಹಾಗೂ ಐಓಎಸ್ 7ಕ್ಕೆ ಹೊಂದುವಂತಿರಬೇಕು ಎಂಬ ನಿಯಮವಿತ್ತು. ಅಂದು ಗಡುವಿಗೆ ಸುಮಾರು ನಾಲ್ಕೂವರೆ ತಿಂಗಳು ಕಾಲಾವಕಾಶ ದೊರೆತಿದ್ದರೆ, ಲಿಕ್ವಿಡ್ ಗ್ಲಾಸ್‌ಗೆ ಏಳು ತಿಂಗಳಿಗೂ ಹೆಚ್ಚು ಕಾಲಾವಕಾಶ ದೊರೆಯಿತು.

ಮೆಟೀರಿಯಲ್ ಡಿಸೈನ್: ಆಂಡ್ರಾಯ್ಡ್ ಸಾಧನಗಳನ್ನು ಅನೇಕ ಕಂಪನಿಗಳು ತಯಾರಿಸುವುದರಿಂದ ಹೊಸ ಆವೃತ್ತಿ ಬಳಕೆದಾರರನ್ನು ತಲುಪಲು ದೀರ್ಘಕಾಲ ಹಿಡಿಯುತ್ತದೆ. ಮೆಟೀರಿಯಲ್ ಡಿಸೈನ್ ಅನ್ನು ಮೊದಲು ತಂದ ಆಂಡ್ರಾಯ್ಡ್ 5.0 ಲಾಲಿಪಾಪ್, ಬಿಡುಗಡೆಯಾಗಿ ಒಂದು ವರ್ಷ ಕಳೆದ ಮೇಲೂ ಸುಮಾರು ನಾಲ್ಕನೇ ಒಂದು ಭಾಗದಷ್ಟು ಸಾಧನಗಳಲ್ಲಿ ಮಾತ್ರ ಇತ್ತು. ಈ ಕೊರತೆಯನ್ನು ಗೂಗಲ್ ಬೇರೊಂದು ರೀತಿಯಲ್ಲಿ ನೀಗಿತು. ಹೊಸ ರೂಪವನ್ನು ಕಾರ್ಯಾಚರಣಾ ವ್ಯವಸ್ಥೆಗೆ ಕಟ್ಟಿಹಾಕದೆ, ಆ್ಯಪ್‌ನೊಳಗೇ ಸೇರಿಸಬಹುದಾದ ಗ್ರಂಥಾಲಯಗಳ ರೂಪದಲ್ಲಿ ನೀಡಿತು. 2014ರ ಆ್ಯಪ್‌ಕಾಂಪ್ಯಾಟ್ ಗ್ರಂಥಾಲಯದ 21ನೇ ಆವೃತ್ತಿ ಮತ್ತು 2015ರ ಡಿಸೈನ್ ಸಪೋರ್ಟ್ ಲೈಬ್ರರಿಗಳಿಂದಾಗಿ ಹಳೆಯ ದೂರವಾಣಿಗಳಲ್ಲಿಯೂ ಮೆಟೀರಿಯಲ್ ರೂಪ ಸಾಧ್ಯವಾಯಿತು. ಎರಡೆರಡು ರೂಪಗಳನ್ನು ನಿರ್ವಹಿಸುವ ಹೊರೆ ಡೆವಲಪರ್‌ಗಳ ಮೇಲಿಂದ ಬಹುಮಟ್ಟಿಗೆ ಇಳಿಯಿತು.

ಅಳವಡಿಕೆ ವ್ಯಾಪಕವಾದಂತೆ ಎಲ್ಲ ಆ್ಯಪ್‌ಗಳೂ ಒಂದೇ ರೀತಿ ಕಾಣುತ್ತವೆಂಬ ದೂರು ಕೇಳಿಬಂದಿತು. 2018ರ ಪರಿಷ್ಕರಣೆಯಲ್ಲಿ ಪ್ರತಿ ಸಂಸ್ಥೆಯೂ ತನ್ನ ಬಣ್ಣ, ಆಕಾರ, ಅಕ್ಷರಶೈಲಿಗಳನ್ನು ಹೊಂದಿಸಿಕೊಳ್ಳಲು ಅವಕಾಶ ನೀಡಲಾಯಿತು. ಆದರೆ ತನ್ನ ವೇದಿಕೆಯಿಂದ ಹೊರಗೆ ಮೆಟೀರಿಯಲ್ ಡಿಸೈನ್ ಬೇರೂರಲಿಲ್ಲ. ಐಫೋನ್‌ಗಾಗಿ ತಾನೇ ರೂಪಿಸಿದ್ದ ಮೆಟೀರಿಯಲ್ ಘಟಕಗಳ ಅಭಿವೃದ್ಧಿಯನ್ನು ಗೂಗಲ್ 2021ರಲ್ಲಿ ನಿಲ್ಲಿಸಿತು. ಅದರ ಐಓಎಸ್ ತಂಡವು ಆ್ಯಪಲ್‌ನ ಮೂಲ ಘಟಕಗಳತ್ತ ಹೊರಳಿತು.

ಸ್ವಯಂಪ್ರೇರಿತ ಅಳವಡಿಕೆಯ ಮಿತಿಯನ್ನು ಆಂಡ್ರಾಯ್ಡ್‌ನ ಬಣ್ಣ ಹೊಂದಿಸಿದ ಚಿಹ್ನೆಗಳು ಚೆನ್ನಾಗಿ ತೋರಿಸುತ್ತವೆ. ಹಿನ್ನೆಲೆ ಚಿತ್ರದ ಬಣ್ಣಕ್ಕೆ ತಕ್ಕಂತೆ ಆ್ಯಪ್‌ಗಳ ಚಿಹ್ನೆಗಳು ಬದಲಾಗುವ ಸೌಲಭ್ಯವನ್ನು 2022ರ ಆಂಡ್ರಾಯ್ಡ್ 13 ಎಲ್ಲ ಆ್ಯಪ್‌ಗಳಿಗೂ ತೆರೆಯಿತು. ಇದಕ್ಕೆ ಡೆವಲಪರ್‌ಗಳು ಏಕವರ್ಣದ ಒಂದು ಚಿತ್ರವನ್ನು ಸೇರಿಸಿದರೆ ಸಾಕಿತ್ತು. ಕೆಲಸ ಅತ್ಯಲ್ಪವಾಗಿದ್ದರೂ, ತಮ್ಮ ಗುರುತಿನ ಬಣ್ಣವನ್ನು ಬಿಟ್ಟುಕೊಡಲು ಒಪ್ಪದೆಯೋ, ಲಾಭ ಕಾಣದೆಯೋ, ಹಲವು ಪ್ರಮುಖ ಆ್ಯಪ್‌ಗಳ ತಯಾರಕರು ಅದನ್ನು ಮಾಡಲಿಲ್ಲ. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಬಂದ ಆಂಡ್ರಾಯ್ಡ್ 16ರ ಪರಿಷ್ಕೃತ ಆವೃತ್ತಿಯಲ್ಲಿ, ಅಂತಹ ಚಿತ್ರವಿಲ್ಲದ ಚಿಹ್ನೆಗಳಿಗೂ ವ್ಯವಸ್ಥೆಯೇ ಬಣ್ಣ ಹಚ್ಚುವಂತೆ ಮಾಡಲಾಯಿತು. ಬಳಕೆದಾರರು ಚಿಹ್ನೆಯ ಬಣ್ಣ ಬದಲಿಸಿಕೊಳ್ಳಲು ಡೆವಲಪರ್‌ಗಳು ಅನುಮತಿ ನೀಡಬೇಕೆಂಬ ಅಂಶವೂ ಪ್ಲೇ ಸ್ಟೋರ್ ಒಪ್ಪಂದಕ್ಕೆ ಸೇರಿತು.

ವಿಂಡೋಸ್: ಮೈಕ್ರೋಸಾಫ್ಟ್‌ನ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. ದಶಕಗಳ ಹಿಂದಿನ ತಂತ್ರಾಂಶವೂ ಇಂದಿನ ವಿಂಡೋಸ್‌ನಲ್ಲಿ ನಡೆಯಬೇಕೆಂಬುದು ಆ ಸಂಸ್ಥೆಯ ದೀರ್ಘಕಾಲದ ನೀತಿ. ಬಹುಪಾಲು ತಂತ್ರಾಂಶಗಳು ಯಾವ ಅಂಗಡಿಯ ಮೂಲಕವೂ ಹಾದುಬಾರದೆ ನೇರವಾಗಿ ಬಳಕೆದಾರರನ್ನು ತಲುಪುವುದರಿಂದ ಗಡುವು ವಿಧಿಸುವ ಸಾಧನವೂ ಅದರ ಬಳಿ ಇಲ್ಲ. 2012ರಲ್ಲಿ ವಿಂಡೋಸ್ 8ರೊಂದಿಗೆ ಹೊಸ ರೂಪದ ಸೆಟ್ಟಿಂಗ್ಸ್ ಪುಟ ಬಂದರೂ ಹಳೆಯ ಕಂಟ್ರೋಲ್ ಪ್ಯಾನೆಲ್ ವಿಂಡೋಸ್ 11ರಲ್ಲಿಯೂ ಉಳಿದುಕೊಂಡಿದೆ. 2006ರ ಡಬ್ಲ್ಯೂಪಿಎಫ್ ಚೌಕಟ್ಟಿಗೆ ಫ್ಲೂಯೆಂಟ್ ರೂಪವನ್ನು ಅಧಿಕೃತವಾಗಿ ಒದಗಿಸಿದ್ದು 2024ರ ನವೆಂಬರ್‌ನಲ್ಲಿ. ಹಳೆಯದನ್ನು ಮುರಿಯದಿರುವ ನೀತಿಯಿಂದ ಡೆವಲಪರ್‌ಗಳಿಗೆ ನೆಮ್ಮದಿಯೂ ವಿನ್ಯಾಸಕ್ಕೆ ಏಕರೂಪತೆಯ ಕೊರತೆಯೂ ಒಟ್ಟಿಗೇ ಉಂಟಾಗಿವೆ.

ಟೀಕೆಗಳು ಮತ್ತು ಮಾರ್ಪಾಡುಗಳು

ಲಿಕ್ವಿಡ್ ಗ್ಲಾಸ್ ವಿರುದ್ಧದ ಪ್ರಮುಖ ಆಕ್ಷೇಪ ಓದುವಿಕೆಗೆ ಸಂಬಂಧಿಸಿದ್ದು. ಹಿನ್ನೆಲೆ ತಿಳಿಯಾಗಿದ್ದರೂ ಗಾಢವಾಗಿದ್ದರೂ ಗಾಜಿನ ಮೇಲಿನ ಅಕ್ಷರ ಸ್ಪಷ್ಟವಾಗಿ ಕಾಣಬೇಕು. ಆದರೆ ಹಿನ್ನೆಲೆ ಸದಾ ಚಲಿಸುತ್ತಿದ್ದರೆ ಅದು ಕಷ್ಟ. 2025ರ ಬೇಸಿಗೆಯ ಪರೀಕ್ಷಾ ಆವೃತ್ತಿಗಳಲ್ಲಿ ಆ್ಯಪಲ್ ಪಾರದರ್ಶಕತೆಯನ್ನು ಹಲವು ಬಾರಿ ಬದಲಿಸಿತು: ಮೂರನೇ ಪರೀಕ್ಷಾ ಆವೃತ್ತಿಯಲ್ಲಿ ತಗ್ಗಿಸಿ, ನಾಲ್ಕನೆಯದರಲ್ಲಿ ಮತ್ತೆ ಸ್ವಲ್ಪ ಹೆಚ್ಚಿಸಿತು. ಬಳಕೆಯೋಗ್ಯತೆಯ ಸಂಶೋಧನೆಗೆ ಹೆಸರಾದ ನೀಲ್ಸನ್ ನಾರ್ಮನ್ ಗ್ರೂಪ್ ಸಂಸ್ಥೆಯು ಬಿಡುಗಡೆಯ ನಂತರ ಈ ವಿನ್ಯಾಸವನ್ನು ಕಟುವಾಗಿ ವಿಮರ್ಶಿಸಿತು. 2025ರ ನವೆಂಬರ್‌ನ ಐಓಎಸ್ 26.1 ಆವೃತ್ತಿಯಲ್ಲಿ, ಗಾಜು ಹೆಚ್ಚು ಅಪಾರದರ್ಶಕವಾಗಿ ಕಾಣುವ ಆಯ್ಕೆಯೊಂದನ್ನು ಬಳಕೆದಾರರಿಗೆ ನೀಡಲಾಯಿತು.

ಐಓಎಸ್ 7ರಲ್ಲಿಯೂ ಹೀಗೆಯೇ ಆಗಿತ್ತು. ಪರದೆಯ ಚಲನೆಯಿಂದ ತಲೆಸುತ್ತು ಬರುತ್ತದೆಂಬ ದೂರಿನ ನಂತರ 7.0.3 ಆವೃತ್ತಿಯಲ್ಲಿ ಅದನ್ನು ತಗ್ಗಿಸುವ ಆಯ್ಕೆ ವಿಸ್ತಾರಗೊಂಡಿತು; ಗುಂಡಿ ಯಾವುದು, ಬರಹ ಯಾವುದು ತಿಳಿಯುವುದಿಲ್ಲವೆಂಬ ದೂರಿನ ನಂತರ 7.1 ಆವೃತ್ತಿಯಲ್ಲಿ ಗುಂಡಿಗಳ ಆಕಾರ ತೋರಿಸುವ ಆಯ್ಕೆ ಬಂದಿತು. ಇದರಿಂದ ಡೆವಲಪರ್‌ಗಳಲ್ಲಿ ಒಂದು ರೂಢಿ ಬೆಳೆದಿದೆ. ಹೊಸ ವಿನ್ಯಾಸ ಮೊದಲ ವರ್ಷದಲ್ಲಿ ಬದಲಾಗುತ್ತಲೇ ಇರುತ್ತದೆ ಎಂದು ತಿಳಿದವರು, ಅದು ನೆಲೆಗೊಳ್ಳುವವರೆಗೆ ಕಾಯುವುದನ್ನು ಲಾಭಕರವೆಂದು ಭಾವಿಸುತ್ತಾರೆ. ಬೇಗ ಅಳವಡಿಸಿಕೊಂಡವರಿಗೆ ಪ್ರಚಾರದ ಲಾಭವಿದೆ, ಆದರೆ ಅದೇ ಪರದೆಯನ್ನು ಎರಡು ಮೂರು ಬಾರಿ ತಿದ್ದಬೇಕಾದ ಹೊರೆಯೂ ಅವರದೇ ಆಗುತ್ತದೆ.

ಆಕ್ಸೆಸಿಬಿಲಿಟಿ ಮತ್ತು ಹೊಣೆಗಾರಿಕೆ

ದೃಷ್ಟಿದೋಷ ಅಥವಾ ಇತರ ಅಂಗವೈಕಲ್ಯವುಳ್ಳವರೂ ತಂತ್ರಾಂಶವನ್ನು ಬಳಸುವಂತಿರಬೇಕೆಂಬ ತತ್ತ್ವಕ್ಕೆ ಆಕ್ಸೆಸಿಬಿಲಿಟಿ ಎನ್ನಲಾಗುತ್ತದೆ. ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಅದರ ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ ಅನುಪಾತ ಕನಿಷ್ಠ 4.5:1 ಇರಬೇಕು. ಹಿನ್ನೆಲೆಯ ಬಣ್ಣ ನಿಶ್ಚಿತವಾಗಿದ್ದಾಗ ಇದನ್ನು ಒಮ್ಮೆ ಅಳೆದರೆ ಸಾಕು. ಗಾಜಿನ ಘಟಕದಲ್ಲಿ ಹಿನ್ನೆಲೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅಳತೆಯೇ ಕ್ಲಿಷ್ಟವಾಗುತ್ತದೆ.

ಇಲ್ಲಿ ಹೊಣೆಗಾರಿಕೆಯ ಪ್ರಶ್ನೆ ಏಳುತ್ತದೆ. ಯುರೋಪಿಯನ್ ಒಕ್ಕೂಟದ ಆಕ್ಸೆಸಿಬಿಲಿಟಿ ಕಾಯಿದೆಯು 2025ರ ಜೂನ್ 28ರಿಂದ ಅನ್ವಯವಾಗಿದ್ದು, ಬ್ಯಾಂಕಿಂಗ್ ಹಾಗೂ ಆನ್‌ಲೈನ್ ಮಾರಾಟದಂತಹ ಸೇವೆಗಳ ಪೂರೈಕೆದಾರರನ್ನು ಬಾಧ್ಯರನ್ನಾಗಿಸುತ್ತದೆ. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಜಾರಿಯಲ್ಲಿದೆ. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಗುಂಡಿಯ ಮೇಲಿನ ಬರಹ ಕಾಣದಿದ್ದರೆ ಗ್ರಾಹಕರು ಪ್ರಶ್ನಿಸುವುದು ಬ್ಯಾಂಕನ್ನು. ಆ ಗುಂಡಿಯ ಪಾರದರ್ಶಕತೆಯನ್ನು ನಿರ್ಧರಿಸಿದ್ದು ಕಾರ್ಯಾಚರಣಾ ವ್ಯವಸ್ಥೆಯ ತಯಾರಕರಾಗಿರಬಹುದು. ಹಣಕಾಸು ಮತ್ತು ಆರೋಗ್ಯ ಕ್ಷೇತ್ರದ ಆ್ಯಪ್‌ಗಳ ತಯಾರಕರು ಹೊಸ ವಿನ್ಯಾಸದ ಬಗ್ಗೆ ಎಚ್ಚರಿಕೆ ವಹಿಸಲು ಇದೂ ಒಂದು ಕಾರಣವಾಗುತ್ತದೆ.

ಕನ್ನಡ ಮತ್ತಿತರ ಭಾರತೀಯ ಲಿಪಿಗಳು

ಹೆಚ್ಚಿನ ವಿನ್ಯಾಸ ವ್ಯವಸ್ಥೆಗಳು ರೋಮನ್ ಲಿಪಿಯನ್ನು ಆಧಾರವಾಗಿಟ್ಟುಕೊಂಡು ರೂಪುಗೊಂಡಿವೆ. ಮೆಟೀರಿಯಲ್ ಡಿಸೈನ್‌ನ ಆರಂಭಿಕ ಮಾರ್ಗಸೂಚಿಯು ಲಿಪಿಗಳನ್ನು ಇಂಗ್ಲಿಷ್ ಮಾದರಿಯವು, ಚೀನಿ, ಜಪಾನಿ, ಕೊರಿಯನ್‌ನಂತಹ ದಟ್ಟ ಲಿಪಿಗಳು, ಹಾಗೂ ದಕ್ಷಿಣ ಏಷ್ಯಾದ ಲಿಪಿಗಳನ್ನೊಳಗೊಂಡ ಎತ್ತರದ ಲಿಪಿಗಳು ಎಂದು ಮೂರಾಗಿ ವಿಂಗಡಿಸಿತ್ತು; ಎತ್ತರದ ಲಿಪಿಗಳಿಗೆ ಸಾಲಿನ ಎತ್ತರ ಹೆಚ್ಚಿರಬೇಕೆಂದು ಸೂಚಿಸಿತ್ತು. ಕನ್ನಡದಲ್ಲಿ 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳಲ್ಲಿ ಎರಡು ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಹಾಗೂ ಪಕ್ಕಕ್ಕೆ ಬರುತ್ತವೆ. ಎತ್ತರ ನಿಗದಿಯಾದ, ಅಂಚು ದುಂಡಗಿರುವ ಗುಂಡಿಯೊಳಗೆ ಇಂತಹ ಪದವನ್ನು ಇಟ್ಟಾಗ ಒತ್ತಕ್ಷರ ಕತ್ತರಿಸಿದಂತೆ ಕಾಣುವ ಸಂಭವವಿದೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿರುವುದರಿಂದ ಕಾಂಟ್ರಾಸ್ಟ್ ಕಡಿಮೆಯಾದಾಗ ಮೊದಲು ಮಸುಕಾಗುವುದೂ ಅವೇ. ಇಂಗ್ಲಿಷ್ ರೂಪದಲ್ಲಿ ಸರಿಯಾಗಿ ಅಳವಡಿಕೆಯಾದ ಆ್ಯಪ್ ಕನ್ನಡ ರೂಪದಲ್ಲಿಯೂ ಸರಿಯಾಗಿದೆಯೆಂದು ಹೇಳಲು ಪ್ರತ್ಯೇಕ ಪರೀಕ್ಷೆ ಅಗತ್ಯವಾಗುತ್ತದೆ.

ಅಳವಡಿಕೆಯ ಅಳತೆ

ಹೊಸ ವಿನ್ಯಾಸವನ್ನು ಚೆನ್ನಾಗಿ ಬಳಸಿಕೊಂಡ ಆ್ಯಪ್‌ಗಳ ಉದಾಹರಣೆಗಳನ್ನು ಆ್ಯಪಲ್ ತನ್ನ ಡೆವಲಪರ್ ಜಾಲತಾಣದಲ್ಲಿ ಪ್ರದರ್ಶಿಸಿದೆ. ಇಂತಹ ಪ್ರದರ್ಶನಗಳಿಂದ ಸಾಧ್ಯತೆಯ ಪರಿಚಯವಾಗುತ್ತದೆಯೇ ಹೊರತು ಒಟ್ಟು ಪ್ರಮಾಣ ತಿಳಿಯುವುದಿಲ್ಲ. ಹೊಸ ಕಿಟ್‌ನಿಂದ ಕಂಪೈಲ್ ಆದ ಆ್ಯಪ್‌ಗಳನ್ನು ಎಣಿಸಿದರೆ ಗಡುವಿನ ನಂತರ ಅಂಕಿ ಸಹಜವಾಗಿಯೇ ಏರುತ್ತದೆ. ಆ ಅಂಕಿಯಲ್ಲಿ ವಿನಾಯಿತಿ ಸೂಚನೆ ಬಳಸಿದವು, ಮೇಲ್ಭಾಗದ ಪಟ್ಟಿ ಮಾತ್ರ ಬದಲಾದವು, ಮೂಲದಿಂದಲೇ ಮರುರಚನೆಗೊಂಡವು ಎಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತವೆ.

ಮೇಲಿನ ಉದಾಹರಣೆಗಳ ಆಧಾರದಲ್ಲಿ ಹೇಳುವುದಾದರೆ, ವಿತರಣೆಯ ಮೇಲೆ ಹಿಡಿತವಿರುವ ಆ್ಯಪಲ್‌ಗೆ ವೇಗದ ಅಳವಡಿಕೆ ಸಾಧ್ಯವಾಗಿದೆ. ಹಿಡಿತ ಕಡಿಮೆಯಿರುವ ಗೂಗಲ್ ಗ್ರಂಥಾಲಯಗಳ ಮೂಲಕ ಹೊರೆಯನ್ನು ಇಳಿಸಿ ಅದನ್ನು ಸಾಧಿಸಿದೆ. ಹಿಡಿತವೂ ಇಲ್ಲದ, ಹಳೆಯದನ್ನು ಬಿಡಲೂ ಆಗದ ಮೈಕ್ರೋಸಾಫ್ಟ್‌ನಲ್ಲಿ ಹಲವು ಕಾಲದ ವಿನ್ಯಾಸಗಳು ಒಟ್ಟಿಗೆ ಉಳಿದಿವೆ. ಒತ್ತಾಯದಿಂದ ಬಂದ ಏಕರೂಪತೆ ಬಳಕೆದಾರರಿಗೆ ಅನುಕೂಲವಾಗಿದೆಯೇ ಎಂಬುದನ್ನು ಆ್ಯಪ್‌ಗಳ ಸಂಖ್ಯೆಯಿಂದ ತಿಳಿಯಲಾಗದು. ಅದಕ್ಕೆ ಆ ಪರದೆಗಳನ್ನು ದಿನವೂ ಓದಬೇಕಾದವರು, ಅದರಲ್ಲಿಯೂ ದೃಷ್ಟಿ ಮಂದವಾದವರು, ಅವುಗಳನ್ನು ಎಷ್ಟು ಸುಲಭವಾಗಿ ಬಳಸುತ್ತಾರೆ ಎಂಬುದನ್ನು ಪರೀಕ್ಷಿಸಬೇಕಾಗುತ್ತದೆ.